ಸಾಲ್ಮನ್ ಎಣಿಸಲು ಹೋಗುವವರಿಗೆ: ಲಾಂಗ್‌ಫೆಲೋ ತೊರೆಯಲ್ಲಿ ಒಂದು ಮಳೆಗಾಲ

ಸಿಯಾಟಲ್‌ನಲ್ಲಿ ಮಳೆ ಹಿಡಿಯಿತು ಅಂದರೆ ಸಾಲ್ಮನ್ ಮೀನುಗಳು ಸಮುದ್ರ ಬಿಟ್ಟು ಊರೊಳಗಿನ ತೊರೆಗಳಿಗೆ ಹತ್ತಿ ಬರುತ್ತವೆ. ಮೊಟ್ಟೆ ಇಡುತ್ತವೆ, ಸಾಯುತ್ತವೆ. ಎಷ್ಟು ಬಂದವು, ಎಷ್ಟು ಮೊಟ್ಟೆ ಇಟ್ಟವು, ಎಷ್ಟು ಇಡದೆಯೇ ಸತ್ತವು ಅಂತ ತೊರೆ ದಂಡೆಯಲ್ಲಿ ನಡೆದು ಲೆಕ್ಕ ಬರೆಯುವವರಲ್ಲಿ ತುಂಬಾ ಜನ ಸಂಬಳ ಇಲ್ಲದ ಸ್ವಯಂಸೇವಕರು. ಈ ಸಲ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಾನೂ ಹೋಗಿದ್ದೆ. ಮೊನ್ನೆಯಷ್ಟೇ ಸೀಸನ್ ಮುಗಿಯಿತು. ಮುಂದಿನ ವರ್ಷ ಸೇರಬೇಕು ಅಂತಿರುವ ಪರಿಚಯದವರು ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳುತ್ತಿದ್ದಾರೆ. ಎಲ್ಲರಿಗೂ ಅದನ್ನೇ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನಿಸಿತು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಮಕ್ಕಳಿಗೆ ಸಾಲ್ಮನ್ ತೋರಿಸಬೇಕು, ನಾಲ್ಕು ಫೋಟೊ ತೆಗೆಯಬೇಕು ಅಂತಿದ್ದರೆ ಇದಕ್ಕೆ ಸೇರಬೇಡಿ. ಸುಮ್ನೆ ಇಸಾಕ್ವಾ ಹ್ಯಾಚರಿಗೆ ಹೋಗಿ. 1936ರಲ್ಲಿ ಶುರುವಾದ, ಮೀನಿನ ಮರಿ ಮಾಡಿಸಿ ಬೆಳೆಸುವ ಕೇಂದ್ರ ಅದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸೇತುವೆ ಮೇಲೆ ನಿಂತರೆ ಸಾಕು, ಕೆಳಗೆ ದೊಡ್ಡ ದೊಡ್ಡ ಮೀನು ಸಾಲಾಗಿ ಕಾಣುತ್ತವೆ. ಬಲಾರ್ಡ್ ಲಾಕ್ಸ್‌ನಲ್ಲಿ ಮೀನು ಹತ್ತಲು 21 ಮೆಟ್ಟಿಲಿನ ಏಣಿ ಇದೆ, ಗಾಜಿನ ಕಿಟಕಿಯ ಹಿಂದೆ ನಿಂತು ಆರಾಮಾಗಿ ನೋಡಬಹುದು. ನಾನು ಹೋದ ಕೆಲಸ ಬೇರೆ ಥರ. ಅದರಲ್ಲಿ ಮುಕ್ಕಾಲು ಪಾಲು ಸತ್ತ ಮೀನಿನ ಹೊಟ್ಟೆ ಸೀಳಿ ನೋಡುವುದೇ ಇರುತ್ತದೆ. ಇದು ನನಗೆ ಸೇರುವಾಗ ಅರ್ಧಂಬರ್ಧ ಗೊತ್ತಿತ್ತು. ನಿಮಗೆ ಪೂರ್ತಿ ಗೊತ್ತಿರಲಿ.

ನಾವಿರುವುದು ವೆಸ್ಟ್ ಸಿಯಾಟಲ್‌ನಲ್ಲಿ. ಕನ್ನಡದವರು ಬಹುತೇಕ ಬೆಲ್‌ವ್ಯೂ, ರೆಡ್‌ಮಂಡ್, ಸಮಾಮಿಶ್ ಕಡೆ ಇರುವುದರಿಂದ ಈ ಕಡೆ ನಮ್ಮವರು ಕಡಿಮೆ. ಮನೆಯಿಂದ ಇಳಿದು ಹೋದರೆ ಡೆಲ್ರಿಡ್ಜ್ ಕಣಿವೆಯಲ್ಲಿ ಲಾಂಗ್‌ಫೆಲೋ ಕ್ರೀಕ್ ಹರಿಯುತ್ತದೆ. ರಾಕ್ಸ್‌ಹಿಲ್ ಪಾರ್ಕಿನ ಜವುಗಿನಲ್ಲಿ ಹುಟ್ಟಿ, ಅಂಗಡಿಗಳ ಪಾರ್ಕಿಂಗ್ ಜಾಗದ ಅಡಿ ಪೈಪಿನಲ್ಲಿ ನುಸುಳಿ, ಗಾಲ್ಫ್ ಮೈದಾನ ದಾಟಿ, ಕೊನೆಗೆ ಉಕ್ಕಿನ ಕಾರ್ಖಾನೆಯ ಕೆಳಗೆ ಮತ್ತೆ ಪೈಪಿಗಿಳಿದು ಡುವಾಮಿಶ್ ನದಿಗೆ ಸೇರುವ ತೊರೆ ಅದು. ಎಷ್ಟೋ ಕಡೆ ಒಂದು ಹಾರಿನಲ್ಲಿ ದಾಟಬಹುದು. ಆ ಪೈಪಿನ ಕತ್ತಲೆಯೊಳಗೆ ಈಜಿ ಮೇಲೆ ಬರುವ ಮೀನು ಇದೆ ಅಂದರೆ ನಾನು ಮೊದಲು ನಂಬಿರಲಿಲ್ಲ.

ನಂಬದೇ ಇರುವುದಕ್ಕೆ ಕಾರಣವೇನೂ ಇರಲಿಲ್ಲ ಅನ್ನಿ. ನಮ್ಮೂರು ತೀರ್ಥಹಳ್ಳಿ ಕಡೆ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದು ಹಳ್ಳ ಕೆಂಪಾದರೆ ಹತ್ತುಮೀನು ಗದ್ದೆ ಬದುವಿನವರೆಗೂ ಬರುತ್ತಿತ್ತು. ಅಪ್ಪ, ದೊಡ್ಡಪ್ಪ ರಾತ್ರಿ ಬ್ಯಾಟರಿ, ಕತ್ತಿ ಹಿಡಿದು ಹೋಗುವವರು. ನಮ್ಮಲ್ಲಿ ಹತ್ತಿ ಬಂದ ಮೀನು ಪಲ್ಯ ಆಗುತ್ತಿತ್ತು, ಇಲ್ಲಿ ಕಾಗದದ ಮೇಲಿನ ಲೆಕ್ಕ ಆಗುತ್ತದೆ, ಅಷ್ಟೇ ವ್ಯತ್ಯಾಸ ಅಂತ ಅಮ್ಮನಿಗೆ ಹೇಳಿದೆ. "ಅಲ್ಲಾ ಕಣೇ, ಅಷ್ಟು ದೂರ ಹೋಗಿ ಸತ್ತ ಮೀನು ಎಣಿಸ್ತೀಯಾ? ಅದಕ್ಕೆ ಎಷ್ಟು ಕೊಡ್ತಾರೆ?" ಅಂದಳು. ಏನೂ ಕೊಡಲ್ಲ ಅಂದಾಗ ಫೋನ್ ಅಪ್ಪನ ಕೈಗೆ ಕೊಟ್ಟಳು.

ಈಗ ಕಾಗದ ಪತ್ರದ ವಿಷಯ. ಇದರಲ್ಲೇ ನನ್ನ ಜೀವ ಅರ್ಧ ಹೋಗಿದ್ದು.

ಮೀನು ಬರುವುದು ಅಕ್ಟೋಬರ್‌ನಲ್ಲಾದರೂ ಹೆಸರು ಕೊಡುವುದು ಬೇಸಿಗೆಯಲ್ಲೇ. ಆಗಸ್ಟ್ ಕೊನೆಗೆ ನಾನು ನೋಡುವಷ್ಟರಲ್ಲಿ ಜಾಗ ತುಂಬಿತ್ತು. ವೇಟಿಂಗ್ ಲಿಸ್ಟ್‌ಗೆ ಹಾಕಿದರು. ಅದರ ನಂತರ ಸುದ್ದಿಯೇ ಇಲ್ಲ. ಎರಡು ಮೇಲ್ ಹಾಕಿದರೂ ಉತ್ತರ ಬರಲಿಲ್ಲ. ಬಿಟ್ಟುಬಿಡೋಣ ಅಂದುಕೊಂಡಾಗ ಸೆಪ್ಟೆಂಬರ್ ಮಧ್ಯದಲ್ಲಿ ಒಂದು ದಿನ ದಿಢೀರ್ ಅಂತ ಮೇಲ್ ಬಂತು: ಕೆಲವರು ಬಿಟ್ಟಿದ್ದಾರೆ, ಶನಿವಾರದ ತರಬೇತಿಗೆ ಬರುತ್ತೀರಾ, ಅಷ್ಟರೊಳಗೆ ಈ ಫಾರ್ಮ್‌ಗಳೆಲ್ಲ ತುಂಬಿ ಅಂತ. ಹಾಗಾಗಿ ವೇಟಿಂಗ್ ಲಿಸ್ಟ್ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಸತ್ತ ಮೀನು ಅಂತ ಗೊತ್ತಾದ ಮೇಲೆ ಬಿಡುವವರು ಪ್ರತಿ ವರ್ಷ ಇದ್ದೇ ಇರುತ್ತಾರಂತೆ.

ನಾನು ಎಚ್4 ವೀಸಾದಲ್ಲಿದ್ದೇನೆ, ಅಂದರೆ ಯಜಮಾನರ ಕೆಲಸದ ವೀಸಾ ಆಧಾರದಲ್ಲಿ ಹೆಂಡತಿಗೆ ಸಿಗುವ ವೀಸಾ. ಕೆಲಸದ ಪರ್ಮಿಟ್ ಇಲ್ಲ, ಆದ್ದರಿಂದ ಸೋಶಿಯಲ್ ಸೆಕ್ಯೂರಿಟಿ ನಂಬರೂ ಇಲ್ಲ. ಸಂಬಳವಿಲ್ಲದೆ, ಎಲ್ಲರೂ ಸ್ವಯಂಸೇವೆಯಾಗಿಯೇ ಮಾಡುವ ಇಂಥ ಕೆಲಸಕ್ಕೆ ವೀಸಾದ ತೊಂದರೆ ಇಲ್ಲ. ಆದರೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಬಿಟ್ಟಿ ಮಾಡಿದರೆ ತೊಂದರೆ ಇದೆ. ಅನುಮಾನ ಇದ್ದರೆ ನಿಮ್ಮ ಯಜಮಾನರ ಕಂಪನಿಯ ವಕೀಲರನ್ನು ಒಂದು ಮಾತು ಕೇಳಿ. ನಾವೂ ಕೇಳಿದೆವು.

ಸಿಕ್ಕಿಕೊಂಡಿದ್ದು ಹಿನ್ನೆಲೆ ತಪಾಸಣೆಯಲ್ಲಿ. ಈ ಎಣಿಕೆ ನಡೆಸುವ ಸಂಸ್ಥೆಯವರು ಶಾಲಾ ಮಕ್ಕಳ ಜೊತೆಗೂ ಕೆಲಸ ಮಾಡುವುದರಿಂದ ಎಲ್ಲ ಸ್ವಯಂಸೇವಕರಿಗೂ ತಪಾಸಣೆ ಕಡ್ಡಾಯ. ತಪಾಸಣೆ ಮಾಡುವ ಕಂಪನಿಯ ಪೇಜಿನಲ್ಲಿ ಸೋಶಿಯಲ್ ನಂಬರ್ ಹಾಕದೆ ಮುಂದಕ್ಕೇ ಹೋಗುವುದಿಲ್ಲ. ಸೊನ್ನೆ ಹಾಕಿದರೆ ಕೆಂಪಾಗುತ್ತದೆ. ಇದರ ಮೇಲೆ ನನ್ನ ಹೆಸರಿನ ಕಥೆ. ನಮ್ಮ ಕಡೆಯ ಎಷ್ಟೋ ಜನರ ಹಾಗೆ ನನಗೂ ಸರ್‌ನೇಮ್ ಇಲ್ಲ, ಇನಿಷಿಯಲ್ ಅಷ್ಟೇ. ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು ಸರ್‌ನೇಮ್ ಜಾಗದಲ್ಲಿ ಕೂತಿದೆ. ವೀಸಾದಲ್ಲಿ ಮೊದಲ ಹೆಸರು ಎಫ್‌ಎನ್‌ಯು, ಅಂದರೆ 'ಮೊದಲ ಹೆಸರು ಗೊತ್ತಿಲ್ಲ', ಅಂತ ಬಂದಿದೆ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಇನ್ನೊಂದು ಥರ. ಮೂರೂ ಹೊಂದುವುದಿಲ್ಲ ಅಂತ ಫಾರ್ಮ್ ವಾಪಸ್ ಬಂತು. ಮೀನು ಎಣಿಸುವುದಕ್ಕೆ ಇಷ್ಟೆಲ್ಲ ಯಾಕಪ್ಪಾ ಅನಿಸಿ ಆ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಮಲಗಿದೆ.

ಇದಕ್ಕೆ ದಾರಿ ಇದೆ, ನೆನಪಿಟ್ಟುಕೊಳ್ಳಿ. ವಾಷಿಂಗ್ಟನ್ ಸ್ಟೇಟ್ ಪಟ್ರೋಲ್, ಅಂದರೆ ಇಲ್ಲಿನ ರಾಜ್ಯ ಪೊಲೀಸರದೇ ಒಂದು ತಪಾಸಣೆ ವ್ಯವಸ್ಥೆ ಇದೆ. ಅದಕ್ಕೆ ಹೆಸರು, ಹುಟ್ಟಿದ ದಿನಾಂಕ ಸಾಕು. ಸ್ವಯಂಸೇವಕರನ್ನು ನೋಡಿಕೊಳ್ಳುವ ಹುಡುಗಿಗೆ ಫೋನ್ ಮಾಡಿ ಕೇಳಿದೆ. "ಓ, ಹಾಗೂ ಮಾಡಬಹುದು" ಅಂದಳು. ಲೈಸೆನ್ಸ್‌ನಲ್ಲಿ ಇರುವ ಹಾಗೇ ಹೆಸರು ಕೊಟ್ಟೆ, ಎಫ್‌ಎನ್‌ಯು ವಿಷಯ ಎತ್ತಲೇ ಇಲ್ಲ. ಮಾರನೇ ದಿನಕ್ಕೆ ಮುಗಿಯಿತು. ಮೇಲ್‌ಗೆ ಕಾಯಬೇಡಿ, ಫೋನ್ ಮಾಡಿ.

ಆಮೇಲೆ ಹೊಣೆ ಬಿಟ್ಟುಕೊಡುವ ಪತ್ರ. ಬಿದ್ದರೆ, ಮುಳುಗಿದರೆ, ಸೂಜಿ ಚುಚ್ಚಿದರೆ, ಸತ್ತರೆ ಸಂಸ್ಥೆ ಜವಾಬ್ದಾರಿ ಅಲ್ಲ ಅಂತ ಎರಡು ಪುಟ. ನಮ್ಮ ಮನೆಯವರು ಅದನ್ನು ಓದಿ, "ಮೊಣಕಾಲುದ್ದ ನೀರಲ್ಲಿ ಇಷ್ಟೆಲ್ಲ ಆಗುತ್ತಾ?" ಅಂದರು. ಸೂಜಿಯ ಮಾತು ಸುಮ್ನೆ ಬರೆದಿದ್ದಲ್ಲ, ತೊರೆಯಲ್ಲಿ ಸಿರಿಂಜ್ ನಿಜವಾಗಿಯೂ ಸಿಗುತ್ತವೆ. ಮುಟ್ಟಬಾರದು, ಜಾಗ ಗುರುತು ಹಾಕಿ ತಿಳಿಸಬೇಕು. ಇನ್ನೊಂದು ಕಾಗದ ನಾವು ಜೊತೆಗೆ ಒಯ್ಯಬೇಕಾದ ಅನುಮತಿ ಪತ್ರದ ಪ್ರತಿ. ಸಾಲ್ಮನ್ ಸತ್ತಿದ್ದರೂ ಯಾರು ಬೇಕಾದರೂ ಎತ್ತಿಕೊಳ್ಳುವ ಹಾಗಿಲ್ಲ. ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಪರ್ಮಿಟ್ ಸಂಸ್ಥೆಯ ಹೆಸರಿನಲ್ಲಿರುತ್ತದೆ, ನಾವು ಅದರ ಕೆಳಗೆ ಕೆಲಸ ಮಾಡುತ್ತೇವೆ. ಇದು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ತರಬೇತಿ ಅರ್ಧ ದಿನ. ಮೊದಲ ಭಾಗ ಮೀನಿನ ಗುರುತು. ಸಿಯಾಟಲ್ ಪಕ್ಕದ ಸಮುದ್ರದ ಒಳಚಾಚು ಪ್ಯೂಜೆಟ್ ಸೌಂಡ್‌ನಲ್ಲಿ ಐದು ಜಾತಿಯ ಪೆಸಿಫಿಕ್ ಸಾಲ್ಮನ್ ಇವೆ: ಚಿನೂಕ್, ಕೋಹೊ, ಸಾಕೈ, ಚಮ್, ಪಿಂಕ್. ನಮ್ಮ ತೊರೆಗೆ ಬರುವುದು ಹೆಚ್ಚಾಗಿ ಕೋಹೊ, ಸ್ವಲ್ಪ ಚಮ್. ಚಮ್ ಗುರುತು ಸುಲಭ, ಮೈಮೇಲೆ ನೇರಳೆ ಬಣ್ಣದ ಅಡ್ಡಾದಿಡ್ಡಿ ಪಟ್ಟೆ ಇರುತ್ತದೆ. ಕೋಹೊಗೂ ಚಿನೂಕ್‌ಗೂ ಗೊಂದಲ ಆಗುವುದೇ ಜಾಸ್ತಿ. ಬಾಯಿ ತೆರೆದು ವಸಡು ನೋಡಿ: ಹಲ್ಲಿನ ಬುಡದಲ್ಲಿ ಬೆಳ್ಳಗಿದ್ದರೆ ಕೋಹೊ, ಕಪ್ಪಗಿದ್ದರೆ ಚಿನೂಕ್. ಬಾಲದ ಮೇಲರ್ಧದಲ್ಲಿ ಮಾತ್ರ ಚುಕ್ಕೆ ಇದ್ದರೆ ಕೋಹೊ, ಪೂರ್ತಿ ಬಾಲದಲ್ಲಿದ್ದರೆ ಚಿನೂಕ್. ಬೆನ್ನಿನ ಹಿಂಭಾಗದಲ್ಲಿ, ಬಾಲಕ್ಕೆ ಸ್ವಲ್ಪ ಮುಂಚೆ, ಬೆರಳ ತುದಿಯಷ್ಟು ಸಣ್ಣ ರೆಕ್ಕೆ ಇರುತ್ತದೆ. ಅದು ಇಲ್ಲದಿದ್ದರೆ ಹ್ಯಾಚರಿ ಮೀನು. ಮರಿಯಾಗಿದ್ದಾಗಲೇ ಗುರುತಿಗೆ ಕತ್ತರಿಸಿರುತ್ತಾರೆ.

ಎರಡನೇ ಭಾಗ ಕೊಯ್ಯುವುದು. ಫ್ರೀಜರ್‌ನಲ್ಲಿಟ್ಟಿದ್ದ ಹೋದ ವರ್ಷದ ಕೋಹೊಗಳನ್ನು ಮೇಜಿನ ಮೇಲೆ ಇಟ್ಟಿದ್ದರು. ನನಗೆ ಮೀನು ಕೊಯ್ದು ಗೊತ್ತು, ಇಲ್ಲಿ ಕಷ್ಟ ಆಗಲಿಲ್ಲ. ಪಕ್ಕದಲ್ಲಿದ್ದ ಸಾಫ್ಟ್‌ವೇರ್ ಹುಡುಗ ಹೊರಗೆ ಹೋಗಿ ಬಂದ. ಸಸ್ಯಾಹಾರಿಗಳು ಇದಕ್ಕೆ ಹೆದರಿ ಬಿಡಬೇಕಿಲ್ಲ. ಪ್ರತಿ ತಂಡದಲ್ಲಿ ಒಬ್ಬರು ಬರೆಯುವವರು ಬೇಕೇ ಬೇಕು. ಒಬ್ಬರು ಕೊಯ್ಯುತ್ತಾರೆ, ಒಬ್ಬರು ಅಳೆಯುತ್ತಾರೆ, ಒಬ್ಬರು ಬರೆಯುತ್ತಾರೆ. ಬರೆಯುವ ಕೆಲಸ ಕೊಡಿ ಅಂತ ಮೊದಲೇ ಹೇಳಿಬಿಡಿ, ಯಾರೂ ಏನೂ ಅಂದುಕೊಳ್ಳಲ್ಲ. ವಾಸನೆ ಮಾತ್ರ ಎಲ್ಲರ ಪಾಲಿಗೂ ಬರುತ್ತದೆ.

ಖರ್ಚು ಅಂತ ಜಾಸ್ತಿ ಇಲ್ಲ. ಕೈಗವಸು, ಚಾಕು, ಅಳತೆ ಪಟ್ಟಿ, ಹೊಳೆಯುವ ಜಾಕೆಟ್ಟು, ಮಳೆಯಲ್ಲಿ ನೆನೆದರೂ ಹಾಳಾಗದ ಕಾಗದ, ಪೆನ್ಸಿಲ್ಲು ಅವರೇ ಕೊಡುತ್ತಾರೆ. ನಾನು ಕೊಂಡಿದ್ದು ಮೊಣಕಾಲುದ್ದದ ಗಮ್ ಬೂಟು, ಮಳೆ ಪ್ಯಾಂಟು, ಉಣ್ಣೆ ಸಾಕ್ಸು, ಪೋಲರೈಸ್ಡ್ ಕನ್ನಡಕ. ಎಲ್ಲ ಸೇರಿ 130 ಡಾಲರ್ ಹತ್ತಿರ ಆಯಿತು. ಕನ್ನಡಕಕ್ಕೆ ಜಿಪುಣತನ ಮಾಡಬೇಡಿ. ಅದಿಲ್ಲದಿದ್ದರೆ ನೀರಿನ ಮೇಲೆ ಆಕಾಶವೇ ಕಾಣುತ್ತದೆ, ಕೆಳಗಿನ ಮೀನು ಕಾಣುವುದಿಲ್ಲ. ಬೆಲ್‌ವ್ಯೂ ಕಡೆಯಿಂದ ಬರುವವರು ಐ-90 ಸೇತುವೆ ಹಿಡಿಯಿರಿ. 520ರಲ್ಲಿ ಬಂದರೆ ಟೋಲ್ ಬೀಳುತ್ತದೆ.

ಅಕ್ಟೋಬರ್ ಇಡೀ ಸೊನ್ನೆ. ಒಬ್ಬೊಬ್ಬರಿಗೆ ವಾರಕ್ಕೊಂದು ಬೆಳಗ್ಗೆ ಹಂಚಿದ್ದರು. ಮೀನಿನ ಎಲುಬಿನ ಆಕಾರದಲ್ಲಿ ಕಟ್ಟಿರುವ ಕಾಲುಸೇತುವೆ ಹತ್ತಿರ ಸೇರಿ, ಅಲ್ಲಿಂದ ಮೇಲಕ್ಕೆ ದಂಡೆಯಲ್ಲೇ ನಡೆಯುತ್ತಾ ಪ್ರತಿ ಮಡುವನ್ನೂ ಇಣುಕುವುದು. ಬೀವರ್ ಅನ್ನುವ ಪ್ರಾಣಿಗಳು ಕಟ್ಟಿದ ಒಡ್ಡುಗಳ ಕೆಳಗೆ ಜಾಸ್ತಿ ಹೊತ್ತು ನೋಡಬೇಕು. ನೀರು ಕಡಿಮೆ ಇದ್ದಾಗ ಮೀನು ಅಲ್ಲೇ ತಡೆದು ನಿಂತಿರುತ್ತವೆ. ಏನೂ ಇಲ್ಲ. ಸೊನ್ನೆ ಬರೆ, ಸಹಿ ಹಾಕು, ಮನೆಗೆ ಹೋಗು. ಮಳೆಯೇ ಬಂದಿರಲಿಲ್ಲ. ನಮ್ಮ ತಂಡದ ಹಿರಿಯರು ನಿವೃತ್ತ ನರ್ಸ್, ಎಷ್ಟೋ ವರ್ಷದಿಂದ ಬರುತ್ತಿರುವವರು. "ಸೊನ್ನೆಯನ್ನೂ ಸರಿಯಾಗಿ ಬರೆ, ಖಾಲಿ ಬಿಡಬೇಡ" ಅನ್ನುತ್ತಿದ್ದರು. ಖಾಲಿ ಬಿಟ್ಟರೆ ನೋಡಲಿಲ್ಲ ಅಂತ ಅರ್ಥ, ಸೊನ್ನೆ ಬರೆದರೆ ನೋಡಿದೆವು, ಇರಲಿಲ್ಲ ಅಂತ ಅರ್ಥ. ಸೇರಿದ ಹೊಸಬರಲ್ಲಿ ಇಬ್ಬರು ಈ ಸೊನ್ನೆಗಳಿಗೇ ಬೇಸತ್ತು ಬಿಟ್ಟರು.

ಕೊನೆಗೆ ಒಂದು ರಾತ್ರಿ ಮಳೆ ಜಡಿಯಿತು. ಮಾರನೇ ಬೆಳಗ್ಗೆ ನಮ್ಮ ಪಾಳಿ.

ಮೊದಲ ಮೀನು ಸೇತುವೆಗೆ ತುಂಬಾ ಹತ್ತಿರವೇ ಸಿಕ್ಕಿತು. ಹೆಣ್ಣು ಕೋಹೊ. ಸತ್ತು ತುಂಬಾ ಹೊತ್ತಾಗಿರಲಿಲ್ಲ, ಕಿವಿರು ಇನ್ನೂ ಕೆಂಪಗಿತ್ತು. ಮೂತಿಯಿಂದ ಬಾಲದ ಕವಲಿನವರೆಗೆ ಅಳೆದೆವು, 63 ಸೆಂಟಿಮೀಟರ್. ಬೆನ್ನಿನ ಪುಟ್ಟ ರೆಕ್ಕೆ ಇತ್ತು, ಅಂದರೆ ಹ್ಯಾಚರಿಯದ್ದಲ್ಲ ಅಂತ ಲೆಕ್ಕ. ಬಾಲ ನೋಡಿದೆವು. ಮೊಟ್ಟೆ ಇಟ್ಟ ಹೆಣ್ಣಿನ ಬಾಲ ಜಲ್ಲಿ ಕೆದರಿ ಕೆದರಿ ಹರಿದು ಬೆಳ್ಳಗಾಗಿರುತ್ತದೆ. ಇದರ ಬಾಲದ ಅಂಚು ಹೊಸದರ ಹಾಗೇ ಇತ್ತು. ಕೊಯ್ಯುವ ಪಾಳಿ ನನ್ನದು. ಕೆಳಗಿನ ರಂಧ್ರದಲ್ಲಿ ಚಾಕುವಿನ ತುದಿ ಇಟ್ಟು ಕಿವಿರಿನ ಕಡೆಗೆ ಎಳೆದೆ. ಜಾಸ್ತಿ ಒತ್ತುವುದೂ ಬೇಕಾಗಲಿಲ್ಲ. ಹೊಟ್ಟೆ ಒಳಗಿನ ಒತ್ತಡಕ್ಕೇ ಬಿರಿದು, ಕಿತ್ತಳೆ ಬಣ್ಣದ ಮೊಟ್ಟೆ ಎರಡು ಉದ್ದನೆಯ ಗೊಂಚಲಾಗಿ ನನ್ನ ಕೈಗವಸಿನ ಮೇಲೆ ಬಂದು ಕೂತವು. ಒಂದೂ ಹೊರಗೆ ಹೋಗಿರಲಿಲ್ಲ. ಒಂದು ಹೆಣ್ಣು ಕೋಹೊನಲ್ಲಿ ಎರಡೂವರೆ ಮೂರು ಸಾವಿರ ಮೊಟ್ಟೆ ಇರುತ್ತವೆ. ಬರೆಯುವವರು "ಉಳಿದ ಮೊಟ್ಟೆ?" ಅಂತ ಕೇಳಿದರು. "ನೂರಕ್ಕೆ ನೂರು" ಅಂದೆ.

ಮನೆಯಲ್ಲಿ ಮೊಟ್ಟೆ ತುಂಬಿದ ಮೀನು ಎಷ್ಟೋ ಕೊಯ್ದಿದ್ದೇನೆ. ಖುಷಿಯಾಗಿ ಹುರಿದು ತಿಂದಿದ್ದೇನೆ. ಇಲ್ಲಿ ಮಾತ್ರ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟಿತು. ಈ ಮೀನು ಹುಟ್ಟಿದ ತೊರೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಬೆಳೆದು, ಸಮುದ್ರದಲ್ಲಿ ಒಂದೂವರೆ ವರ್ಷ ಕಳೆದು, ಆ ಕತ್ತಲೆ ಪೈಪನ್ನೂ ದಾಟಿ ಬಂದಿದೆ. ಉಳಿದಿದ್ದು ಮೊಟ್ಟೆ ಇಡಲು ಜಲ್ಲಿಯಲ್ಲಿ ಗುಂಡಿ ತೋಡುವುದೊಂದೇ.

ಲೆಕ್ಕ ಆದ ಮೇಲೆ ಬಾಲ ಕತ್ತರಿಸಿ ಮೀನನ್ನು ಮತ್ತೆ ತೊರೆಗೇ ಹಾಕುತ್ತೇವೆ. ಬಾಲ ಇಲ್ಲದಿದ್ದರೆ ಮುಂದಿನ ತಂಡದವರು ಎರಡನೇ ಸಲ ಎಣಿಸುವುದಿಲ್ಲ. ಹೆಣವನ್ನು ಯಾಕೆ ತೆಗೆಯುವುದಿಲ್ಲ ಅಂದರೆ ರಕೂನ್, ಕಾಗೆ, ನೀರುಹುಳ ಎಲ್ಲಕ್ಕೂ ಅದು ಊಟ. ಸಮುದ್ರದ ಸಾರ ಹೀಗೇ ದಂಡೆಯ ಮರದವರೆಗೂ ಹೋಗುತ್ತದೆ.

ಮೊಟ್ಟೆ ಇಡದೆಯೇ ಕೋಹೊ ಯಾಕೆ ಸಾಯುತ್ತದೆ ಅಂತ ಹಿರಿಯರು ನಡೆಯುತ್ತಾ ಹೇಳಿದರು. 1990ರ ದಶಕದ ಕೊನೆಗೆ ಸಿಯಾಟಲ್‌ನವರು ದುಡ್ಡು ಸುರಿದು ಊರಿನ ತೊರೆಗಳನ್ನು ಚೊಕ್ಕಟ ಮಾಡಿದರು. ಮೀನು ಬಂದವು. ನೋಡಿದರೆ ಮಳೆ ಬಂದ ಬೆನ್ನಿಗೇ ಕೋಹೊಗಳು ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. ಕೆಲವು ತೊರೆಗಳಲ್ಲಿ ಬಂದವುಗಳಲ್ಲಿ ನೂರಕ್ಕೆ 40ರಿಂದ 90ರಷ್ಟು ಹೀಗೇ ಹೋಗುತ್ತಿದ್ದವು. ರೋಗವೋ, ಕೀಟನಾಶಕವೋ, ನೀರಿನ ಬಿಸಿಯೋ ಅಂತ ಒಂದೊಂದೇ ನೋಡಿ ಬಿಟ್ಟರು. ರಸ್ತೆ ನೀರೇ ಕಾರಣ ಅಂತ ಗೊತ್ತಾದರೂ ಅದರಲ್ಲಿರುವ ಸಾವಿರಾರು ರಾಸಾಯನಿಕಗಳಲ್ಲಿ ಯಾವುದು ಅಂತ ಸಿಗಲು ಎಷ್ಟೋ ವರ್ಷ ಹಿಡಿಯಿತು. ಟಕೋಮಾ ಮತ್ತು ಪ್ಯುಯಾಲಪ್‌ನ ಸಂಶೋಧಕರು ಸೇರಿ ಅದನ್ನು ಹಿಡಿದು 2020ರ ಡಿಸೆಂಬರ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾರಿನ ಟೈರು ಬಿರುಕು ಬಿಡದಿರಲಿ ಅಂತ ರಬ್ಬರಿಗೆ 6ಪಿಪಿಡಿ ಅನ್ನುವ ವಸ್ತು ಬೆರೆಸುತ್ತಾರೆ. ಅದು ಗಾಳಿಯ ಓಝೋನ್ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಟೈರು ಸವೆದ ಪುಡಿ ರಸ್ತೆಯಲ್ಲಿ ಬಿದ್ದಿರುತ್ತದೆ, ಮಳೆ ಅದನ್ನು ತೊರೆಗೆ ತೊಳೆಯುತ್ತದೆ. ಲೀಟರ್ ನೀರಿಗೆ 95 ನ್ಯಾನೊಗ್ರಾಂ ಇದ್ದರೆ ಅರ್ಧದಷ್ಟು ಕೋಹೊ ಸಾಯುತ್ತವೆ ಅಂತ ಆಮೇಲಿನ ಪರೀಕ್ಷೆಗಳಲ್ಲಿ ಗೊತ್ತಾಗಿದೆ. ವಿಚಿತ್ರ ಅಂದರೆ ಅದೇ ನೀರಿನಲ್ಲಿ ಚಮ್ ಮೀನಿಗೆ ಏನೂ ಆಗುವುದಿಲ್ಲ.

ನಾನು ಆ ಬೆಳಗ್ಗೆ ಅಲ್ಲಿಗೆ ಕಾರಿನಲ್ಲೇ ಹೋಗಿದ್ದೆ. ಆಮೇಲಿನ ವಾರಗಳಲ್ಲಿ ನಡೆದುಕೊಂಡೇ ಹೋದೆ. ಅದರಿಂದ ಏನು ಉಪಯೋಗ ಅಂತ ಮನೆಯವರು ಕೇಳಿದರು. ಏನೂ ಇಲ್ಲ ಅಂತ ನನಗೂ ಗೊತ್ತು.

ಸತ್ತಿದ್ದನ್ನು ಕೊಯ್ಯುವುದಕ್ಕಿಂತ ಕಷ್ಟ ಸಾಯುತ್ತಿರುವುದನ್ನು ನೋಡುವುದು. ನವೆಂಬರ್‌ನಲ್ಲಿ ಒಂದು ಗಂಡು ಕೋಹೊ ಸಿಕ್ಕಿತು. ಕೆಂಪು ಮೈ, ಕೊಕ್ಕೆಯಾಗಿ ಬಾಗಿದ ದವಡೆ, ನೋಡಲು ಗಟ್ಟಿಮುಟ್ಟು. ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದುಕೊಂಡು ಸುತ್ತು ಹೊಡೆಯುತ್ತಿತ್ತು. ದಂಡೆಗೆ ಬಂದು ಬಡಿಯುವುದು, ಪಕ್ಕಕ್ಕೆ ವಾಲುವುದು, ಮತ್ತೆ ನೆಟ್ಟಗಾಗಿ ಸುತ್ತುವುದು. ಎತ್ತಿ ಬೇರೆ ನೀರಿಗೆ ಬಿಡೋಣ ಅನಿಸುತ್ತದೆ. ಬಿಡುವ ಹಾಗಿಲ್ಲ. ಜೀವ ಇರುವ ಮೀನನ್ನು ಮುಟ್ಟಲು ನಮಗೆ ಅನುಮತಿ ಇಲ್ಲ, ಎತ್ತಿದರೂ ಅದು ಬದುಕುವುದಿಲ್ಲ. ಗಡಿಯಾರ ನೋಡಿ ಹೊತ್ತು ಬರೆಯಬೇಕು, ಲಕ್ಷಣ ಬರೆಯಬೇಕು, ವಿಡಿಯೊ ತೆಗೆಯಬೇಕು. ಸೇರುವ ಮೊದಲು ಯಾರಾದರೂ ನನಗೆ ಇದೊಂದನ್ನು ಹೇಳಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ನಿಮ್ಮ ಮನಸ್ಸು ತುಂಬಾ ಮೆದು ಅಂತಿದ್ದರೆ ಯೋಚಿಸಿ.

ದಾರಿಹೋಕರ ವಿಷಯ. ದಂಡೆಯ ಪಕ್ಕದಲ್ಲೇ ಎಲ್ಲರೂ ಓಡಾಡುವ ಕಾಲುದಾರಿ ಇದೆ. ಹೆಚ್ಚಿನವರು ನಿಂತು ಪ್ರೀತಿಯಿಂದ ಮಾತಾಡಿಸುತ್ತಾರೆ. ಒಬ್ಬರು ಮಾತ್ರ ನಾನು ಚಾಕು, ಮೀನು ಹಿಡಿದು ಕೂತಿದ್ದನ್ನು ದೂರದಿಂದ ನೋಡಿ, ಕದಿಯುತ್ತಿದ್ದೇನೆ ಅಂತ ಕೂಗಾಡಿ ಫೋನ್ ತೆಗೆದರು. ನನ್ನ ಜೊತೆ ಇದ್ದ ಇಬ್ಬರು ಬಿಳಿಯರನ್ನು ಏನೂ ಕೇಳಲಿಲ್ಲ. ಮೈ ಉರಿಯಿತು. ಹಿರಿಯರು ಎದ್ದು ಹೋಗಿ ಪರ್ಮಿಟ್ ತೋರಿಸಿದ ಮೇಲೆ ಸುಮ್ಮನಾದರು, ಕ್ಷಮಿಸಿ ಅನ್ನಲಿಲ್ಲ. ಅದಕ್ಕೇ ಹೇಳಿದ್ದು, ಆ ಕಾಗದವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕೈಗೆ ಸಿಗುವ ಕಡೆ ಇಡಿ. ಜಾಕೆಟ್ಟನ್ನು ಮಳೆ ಕೋಟಿನ ಮೇಲೆ ಹಾಕಿ, ಒಳಗಲ್ಲ.

ನಾಯಿ ಕರೆತರುವವರಿಗೆ ಒಂದು ಮಾತು ಹೇಳುವುದೂ ನಮ್ಮ ಕೆಲಸದಲ್ಲೇ ಬರುತ್ತದೆ. ಹಸಿ ಸಾಲ್ಮನ್ ತಿಂದರೆ ನಾಯಿಗೆ ಪ್ರಾಣಾಪಾಯ. ಮೀನಿನಲ್ಲಿರುವ ಒಂದು ಪರಾವಲಂಬಿ ಹುಳದ ಜೊತೆ ಬ್ಯಾಕ್ಟೀರಿಯಾ ಬರುತ್ತದೆ, ಚಿಕಿತ್ಸೆ ಕೊಡಿಸದಿದ್ದರೆ ನಾಯಿ ಉಳಿಯುವುದು ಕಷ್ಟ. ನೀವು ಈ ಕಡೆ ನಾಯಿ ಸಾಕಿದ್ದರೆ ನವೆಂಬರ್‌ನಲ್ಲಿ ತೊರೆ ಹತ್ತಿರ ಬೆಲ್ಟ್ ಬಿಚ್ಚಲೇಬೇಡಿ.

ಮನೆಯಲ್ಲಿ ದೊಡ್ಡ ಜಗಳ ಆಗಿದ್ದು ಬೂಟಿನಿಂದ. ನ್ಯೂಜಿಲೆಂಡ್ ಮಡ್ ಸ್ನೇಲ್ ಅಂತ ಎಳ್ಳಿಗಿಂತ ಸ್ವಲ್ಪ ದೊಡ್ಡ ಬಸವನಹುಳ ಇದೆ. ಸಿಯಾಟಲ್ ಸುತ್ತಿನ ಕೆಲವು ತೊರೆಗಳಲ್ಲಿ ತುಂಬಿಕೊಂಡಿದೆ. ಒಂದೇ ಒಂದು ಹುಳ ಬೂಟಿಗೆ ಅಂಟಿ ಬೇರೆ ತೊರೆಗೆ ಹೋದರೂ ಸಾಕು, ಗಂಡಿಲ್ಲದೆಯೇ ಮರಿ ಹಾಕಿ ಹಬ್ಬುತ್ತದೆ. ಅದಕ್ಕೆ ಬೂಟನ್ನು ಉಜ್ಜಿ ತೊಳೆದು, ಆಮೇಲೆ ಫ್ರೀಜರ್‌ನಲ್ಲಿ ಇಡಬೇಕು. ನಮ್ಮ ಫ್ರೀಜರ್‌ನಲ್ಲಿ ತೆಂಗಿನತುರಿ, ಅವರೆಕಾಳು, ಊರಿಂದ ತಂದ ಅಪ್ಪೆಮಿಡಿ ಇತ್ತು. ಎರಡು ಕಸದ ಚೀಲದಲ್ಲಿ ಸುತ್ತಿ ಇಟ್ಟರೂ ಅತ್ತೆ ಒಪ್ಪಲಿಲ್ಲ. ಆಗ ಅವರು ಊರಿಂದ ಬಂದಿದ್ದರು. "ಹೆಣ ತುಳಿದ ಚಪ್ಪಲಿ ಅನ್ನದ ಪಕ್ಕ ಇಡ್ತಾಳೆ" ಅಂತ ನಮ್ಮ ಯಜಮಾನರ ಹತ್ತಿರ ದೂರು ಹೋಯಿತು. ಕೊನೆಗೆ ತೊರೆಗೆ ಅಂತಲೇ ಒಂದು ಜೊತೆ ಬೂಟು ಮೀಸಲಿಟ್ಟು, ಬೇರೆಲ್ಲೂ ಹಾಕದೆ, ತೊಳೆದು ಗ್ಯಾರೇಜಿನಲ್ಲಿ ಒಣಗಿಸುವುದು ಅಂತ ಸಂಧಾನ ಆಯಿತು. ಒಂದಕ್ಕಿಂತ ಹೆಚ್ಚು ತೊರೆಗೆ ಹೋಗುವವರಿಗೆ ಫ್ರೀಜರ್ ತಪ್ಪಿದ್ದಲ್ಲ. ಬಟ್ಟೆಯ ವಾಸನೆಗೆ ಬಿಸಿನೀರು, ವಿನೆಗರ್ ಹಾಕಿ ನೆನೆಸಿಡಿ.

ಒಳ್ಳೆಯದು ಏನೂ ಇರಲಿಲ್ಲ ಅಂತಲ್ಲ. ನವೆಂಬರ್ ಕೊನೆಯ ಹೊತ್ತಿಗೆ ಗಾಲ್ಫ್ ಮೈದಾನದ ಕೆಳಗೆ ಒಂದು ಗುಂಡಿ ಕಂಡೆವು. ಸುತ್ತಲಿನ ಜಲ್ಲಿ ಪಾಚಿ ಹಿಡಿದು ಕಪ್ಪಗಿದ್ದರೆ ಅಲ್ಲಿ ಮಾತ್ರ ತೊಳೆದಿಟ್ಟಷ್ಟು ತಿಳಿಯಾಗಿತ್ತು. ಕೆಳಗಡೆಗೆ ಜಲ್ಲಿಯ ದಿಬ್ಬ. ದಿಬ್ಬದ ಕೆಳಗೇ ಮೊಟ್ಟೆ ಇರುವುದು. ಅದಕ್ಕೇ ನೀರಿಗೆ ಕಂಡ ಕಂಡ ಕಡೆ ಇಳಿಯಬಾರದು. ಒಂದು ಹೆಜ್ಜೆ ತಪ್ಪಿದರೆ ಅಷ್ಟೂ ಹೋಯಿತು. ದಂಡೆಯ ಗಿಡಕ್ಕೆ ಬಣ್ಣದ ಪಟ್ಟಿ ಕಟ್ಟಿ, ದಿನಾಂಕ ಬರೆದೆವು. ಸ್ವಲ್ಪ ಮೇಲೆ ಅದೇ ಜೋಡಿಯದೋ ಏನೋ, ಬಾಲ ಹರಿದ ಹೆಣ್ಣೊಂದು ಸತ್ತು ಬಿದ್ದಿತ್ತು. ಕೊಯ್ದರೆ ಒಳಗೆ ನಾಲ್ಕೈದು ಮೊಟ್ಟೆ ಮಾತ್ರ ಅಂಟಿಕೊಂಡಿದ್ದವು. ಹಿರಿಯರು ನನ್ನ ಬೆನ್ನು ತಟ್ಟಿದರು, ಏನೋ ನಾನೇ ಮೊಟ್ಟೆ ಇಟ್ಟ ಹಾಗೆ!

ಒಂದು ಭಾನುವಾರ ಮಗಳನ್ನು ಕಾರ್ಕೀಕ್ ಪಾರ್ಕಿನ ಪೈಪರ್ಸ್ ಕ್ರೀಕ್‌ಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಗೆ ಬರುವುದು ಚಮ್. ಟೈರಿನ ವಿಷ ಅವಕ್ಕೆ ತಾಗದ ಕಾರಣ ತೊರೆ ತುಂಬಾ ಬದುಕಿರುವ ಮೀನೇ, ಗುದ್ದಾಡುವುದು, ನೀರು ಎರಚುವುದು. ನವೆಂಬರ್‌ನ ವಾರಾಂತ್ಯಗಳಲ್ಲಿ ಅಲ್ಲಿನ ಸ್ವಯಂಸೇವಕರು ನಿಂತು ಎಲ್ಲ ವಿವರಿಸುತ್ತಾರೆ. ನನ್ನ ಕೆಲಸ ಇದೇ ಅಂತ ಮಗಳು ಶಾಲೆಯಲ್ಲಿ ಹೇಳಿಕೊಂಡಿದ್ದಾಳೆ. ಹಾಗೇ ಇರಲಿ ಅಂತ ಬಿಟ್ಟಿದ್ದೇನೆ. ಕೊಯ್ಯುವುದು ಬೇಡ, ಜನರ ಜೊತೆ ಮಾತಾಡುವುದು ಇಷ್ಟ ಅನ್ನುವವರಿಗೆ ಆ ಕೆಲಸವೇ ಒಳ್ಳೆಯದು.

ನಮ್ಮ ಲೆಕ್ಕದಿಂದ ಏನಾಗುತ್ತದೆ ಅಂತ ನಮ್ಮ ಯಜಮಾನರ ಹಾಗೆ ನೀವೂ ಕೇಳಬಹುದು. ರಸ್ತೆ ನೀರನ್ನು ಮರಳು, ಗೊಬ್ಬರ ಬೆರೆಸಿದ ಮಣ್ಣಿನ ಮೂಲಕ ಸೋಸಿದರೆ ಅದೇ ನೀರಿನಲ್ಲಿ ಕೋಹೊ ಬದುಕುತ್ತವೆ ಅಂತ ಪ್ರಯೋಗದಲ್ಲಿ ತೋರಿಸಿದ್ದಾರೆ. ಅಂಥ ಇಂಗುಗುಂಡಿ ಎಲ್ಲಿ ಮಾಡಬೇಕು, ಮಾಡಿದ ಮೇಲೆ ಉಪಯೋಗ ಆಯಿತಾ ಅಂತ ನೋಡಬೇಕಾದರೆ ಪ್ರತಿ ವರ್ಷದ ಎಣಿಕೆ ಬೇಕು. 2023ರಲ್ಲಿ ಯುರೋಕ್, ಪೋರ್ಟ್ ಗ್ಯಾಂಬಲ್ ಸ್ಕ್ಲಾಲಮ್, ಪ್ಯುಯಾಲಪ್ ಮೂಲನಿವಾಸಿಗಳು ಟೈರಿನಲ್ಲಿ ಈ ರಾಸಾಯನಿಕ ನಿಲ್ಲಿಸಿ ಅಂತ ಕೇಂದ್ರದ ಪರಿಸರ ಸಂಸ್ಥೆಗೆ ಅರ್ಜಿ ಹಾಕಿದರು. ಅದೇ ವರ್ಷ ಸಂಸ್ಥೆ ಅರ್ಜಿಯನ್ನು ಒಪ್ಪಿಕೊಂಡು ಪರಿಶೀಲನೆ ಶುರು ಮಾಡಿತು. ಟೈರು ಬದಲಾಗಲು ಎಷ್ಟು ವರ್ಷ ಹಿಡಿಯುತ್ತೋ ನೋಡಬೇಕು. ಬೇಗ ಆಗುತ್ತದೆ ಅಂತ ನನಗೇನೂ ಅನಿಸುವುದಿಲ್ಲ.

ಮುಂದಿನ ವರ್ಷ ಬರುವವರು ಜುಲೈ ಕೊನೆಯಿಂದಲೇ ಕಣ್ಣಿಟ್ಟಿರಿ. ವಾರದ ದಿನದ ಬೆಳಗ್ಗೆ ಬರುತ್ತೇನೆ ಅಂದರೆ ಜಾಗ ಬೇಗ ಸಿಗುತ್ತದೆ, ಶನಿವಾರಕ್ಕೇ ನೂಕುನುಗ್ಗಲು. ನಮ್ಮಲ್ಲಿ 18 ತುಂಬದವರಿಗೆ ಪ್ರವೇಶ ಇಲ್ಲ. ಅತ್ತೆ ಊರಿಗೆ ಹೊರಡುವ ಮೊದಲು ನನ್ನ ಹಳೇ ಮಳೆ ಪ್ಯಾಂಟನ್ನು ಹೊರಗೆ ಹಾಕಲು ಹೇಳಿ ಹೋಗಿದ್ದಾರೆ. ಮೀಡಿಯಂ ಸೈಜು, ಮೂರು ಸಲ ತೊಳೆದಿದ್ದೇನೆ, ಎಲ್ಲೂ ಹರಿದಿಲ್ಲ. ಬೇಕಾದವರು ಬಂದು ತಗೊಂಡು ಹೋಗಿ.